ಒಳಗು ಬಲ್ಲವರು

ಅಂಬುಜಳ ಮೂರನೆಯ ಕಂಪ್ಯೂಟರ್ ತಣ್ಣಗಾದ ದಿನ ಅದನ್ನು ಹಿತ್ತಿಲಿಗೆ ಹೊತ್ತು ಹಾಕಿದವನು ನಾನೇ. ಮೊದಲನೆಯದರ ಪೆಟ್ಟಿಗೆಯಲ್ಲಿ ಆಗಲೇ ಪಕ್ಕದ ಮನೆಯ ಕೋಳಿ ಮೊಟ್ಟೆಯಿಡುತ್ತಿತ್ತು. ಎರಡನೆಯದರ ಮೇಲೆ ಉಪ್ಪಿನಕಾಯಿ ಜಾಡಿ ಕೂತಿತ್ತು. "ಇನ್ನೊಂದು ತಂದುಬಿಡು, ಕಾಲು ಮಣೆ ಒಂದು ಕಡಿಮೆ ಇದೆ" ಎಂದು ನನ್ನ ಹೆಂಡತಿಯನ್ನು ರೇಗಿಸಿದ್ದೆ. ಆಗ ನನಗೆ ಮಾತಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ರಾಚಪ್ಪ ಬಾಯಿ ಬಿಟ್ಟರೆ ಕೊಳೆತ ಟೊಮೇಟೊಗೂ ಗಿರಾಕಿ ಸಿಗುತ್ತಾನೆ ಎಂದು ಊರವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೇ ಹೇಳಿದ್ದರೂ ನಾನು ಖುಷಿಪಡುತ್ತಿದ್ದೆ.

ನಮ್ಮ ಊರಿನಲ್ಲಿ ಒಳಗು ಬಲ್ಲವರಿಲ್ಲದ ಯಂತ್ರ ನಡೆಯುವುದಿಲ್ಲ. ಹೊಲಿಗೆ ಯಂತ್ರದ ಒಳಗನ್ನು ದಸ್ತಗೀರ್ ಸಾಬರು ಬಲ್ಲರು, ಆದ್ದರಿಂದ ನಮ್ಮಲ್ಲಿ ಹೊಲಿಗೆ ಯಂತ್ರಗಳಿವೆ. ಗಡಿಯಾರದ ಒಳಗನ್ನು ಪದ್ಮನಾಭಯ್ಯನವರು ಬಲ್ಲರು. ಅವರು ಮೊಮ್ಮಗನ ನಾಮಕರಣಕ್ಕೆಂದು ಸೇತುವೆ ದಾಟಿ ಹೋದರೆ ಊರಿನ ಗಡಿಯಾರಗಳೆಲ್ಲ ನಿಲ್ಲುತ್ತವೆ. ಅವರು ಹಿಂತಿರುಗುವ ತನಕ ಶಾಲೆಯಲ್ಲಿ ಮಕ್ಕಳಿಗೆ ಹಸಿವಾದಾಗಲೇ ಊಟದ ಗಂಟೆ. ಮಿಕ್ಸಿಯ ಒಳಗು ಬಲ್ಲವನು ಊರು ಬಿಟ್ಟಾಗ ಮನೆಮನೆಯ ಮಿಕ್ಸಿಗಳೂ ತಣ್ಣಗಾದವು. ಹೊನ್ನಮ್ಮ ಸಿಟ್ಟಿಗೆದ್ದು ಒಂದನ್ನು ಬಿಚ್ಚಿ ಕಲಿತ ಮೇಲೆ ಅವೇ ಮಿಕ್ಸಿಗಳು ಮತ್ತೆ ಬೆಚ್ಚಗಾಗಿ ತಿರುಗಿದವು. ಹೊಸ ಯಂತ್ರ ಬಂದರೆ ಅದರ ಮುಂದೆ ನಿಂತು ಒಳಗು ಒಪ್ಪಿಸಬೇಕು, ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತೇವಲ್ಲ ಹಾಗೆ: ಇಲ್ಲಿಂದ ಕರೆಂಟು ಬರುತ್ತದೆ, ಆಗ ಇದು ತಿರುಗುತ್ತದೆ, ಇದು ತಿರುಗಿದ್ದಕ್ಕೆ ಅದು ಏಳುತ್ತದೆ. ಗೊತ್ತಿಲ್ಲದ್ದನ್ನು ಗೊತ್ತೆಂದರೆ ಮಧ್ಯದಲ್ಲೇ ತಣ್ಣಗಾಗುತ್ತದೆ. ಒಂದು ಬಗೆಯ ಯಂತ್ರಕ್ಕೆ ಒಬ್ಬರೇ ಒಳಬಲ್ಲವರು; ಅವರ ಮನೆ ಬಾಗಿಲ ಮೇಲೆ ಆ ಯಂತ್ರದ ಚಿತ್ರ ಬರೆದಿರುತ್ತದೆ. ಬಸ್ಸಿನ ಒಳಗನ್ನು ಅದರ ಡ್ರೈವರೇ ಬಲ್ಲ, ಅದಕ್ಕೇ ಬಸ್ಸು ಸೇತುವೆ ದಾಟಿ ಬರುತ್ತದೆ; ಹೊರಗಿನಿಂದ ಬಂದವರ ಜೇಬಿನ ಫೋನುಗಳು ಮಾತ್ರ ಸೇತುವೆಯ ನಡುವೆಯೇ ತಣ್ಣಗಾಗುತ್ತವೆ. ಅವರು ಅದನ್ನು ತಟ್ಟುತ್ತ, ಅಲ್ಲಾಡಿಸುತ್ತ, ಆಕಾಶಕ್ಕೆ ಹಿಡಿಯುತ್ತ ನಿಲ್ಲುವುದನ್ನು ನೋಡುವುದು ನಮ್ಮ ಮಕ್ಕಳಿಗೆ ಒಳ್ಳೆಯ ಮನರಂಜನೆ.

ಅಂಬುಜ ಸೋತದ್ದು ತಂತಿ ತಿರುಪುಗಳಿಗಲ್ಲ. ಅವನ್ನು ಅವಳು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲಳು. ಆದರೆ ಕಂಪ್ಯೂಟರನ್ನು ನಡೆಸುವುದು ಅದರೊಳಗೆ ಬರೆದಿಟ್ಟ ಬುದ್ಧಿ. ಆ ಬುದ್ಧಿಯನ್ನು ಮಾಡಿದವರು ಅದನ್ನು ಮುಚ್ಚಿ ಮೊಹರು ಹಾಕಿ ಮಾರುತ್ತಾರೆ, ಯಾರಿಗೂ ತೋರಿಸುವುದಿಲ್ಲ. ಅವಳು ಪೆಟ್ಟಿಗೆಯ ಮುಂದೆ ಕೂತು ತಂತಿಯಿಂದ ಶುರುಮಾಡಿ ಸೊಗಸಾಗಿಯೇ ಒಪ್ಪಿಸುತ್ತಿದ್ದಳು. ಬುದ್ಧಿಯ ಹತ್ತಿರ ಬಂದಾಗ ನಾಲಿಗೆ ತಡವರಿಸುತ್ತಿತ್ತು, ಪರದೆ ಕಪ್ಪಾಗುತ್ತಿತ್ತು. "ಇದ್ಯಾವ ನ್ಯಾಯ ರೀ, ಒಳಗೇನಿದೆ ಅಂತ ಹೇಳದೇನೇ ಮಾರೋದು?" ಎಂದು ನನ್ನ ಮೇಲೆ ರೇಗುತ್ತಿದ್ದಳು, ನಾನೇ ಮಾರಿದವನ ಹಾಗೆ.

ಇಂಥ ಹುಚ್ಚು ಹಿಡಿದವರು ನಮ್ಮ ಊರಿನಲ್ಲಿ ಉಳಿಯುವುದಿಲ್ಲ. ಸೇತುವೆಯಾಚೆ ಏನೂ ತಿಳಿಯದೆ ಗುಂಡಿ ಒತ್ತಿದರೂ ಎಲ್ಲ ನಡೆಯುತ್ತದೆ; ಆ ಸುಖ ಒಮ್ಮೆ ಕಂಡವರು ಹಬ್ಬಕ್ಕೂ ಇತ್ತ ತಲೆ ಹಾಕುವುದಿಲ್ಲ. ಅಂಬುಜಳ ತಮ್ಮ ಹಾಗೇ ಹೋದ. ಅವಳ ಗೆಳತಿಯರಲ್ಲಿ ಇಬ್ಬರು ಹೋದರು. ಇವಳು ಉಳಿದದ್ದು ನನ್ನನ್ನು ಕಟ್ಟಿಕೊಂಡ ತಪ್ಪಿಗೆ. ಉಳಿದಳೇ ಹೊರತು ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಸ್ಸಿನ ಸದ್ದು ಕೇಳಿದರೆ ಒಗ್ಗರಣೆ ಸೀದರೂ ಸರಿಯೇ, ಕಿಟಕಿಗೆ ಬಂದು ಅದು ಸೇತುವೆ ಹತ್ತುವುದನ್ನು ನೋಡಿಯೇ ಒಳಗೆ ಹೋಗುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಇರುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಮಂಡಿಯಲ್ಲಿ ಕುಂಬಳಕಾಯಿ ಹರಾಜು ಕೂಗುತ್ತಿದ್ದೆ. ಒಂದು ಸಾರಿ, ಎರಡು ಸಾರಿ ಎಂದವನಿಗೆ ಮೂರು ಸಾರಿ ಬರಲಿಲ್ಲ. ನಾಲಿಗೆ ಬಾಯಲ್ಲೇ ಬಿದ್ದುಹೋಯಿತು, ಬಲಗೈ ಪಕ್ಕಕ್ಕೆ ಜೋತುಬಿತ್ತು. ಲಕ್ವ ಎಂದರು. ಸೇತುವೆಯಾಚೆಯ ಪಟ್ಟಣದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಾಯಿಂದ ಹೊರಡುತ್ತಿದ್ದದ್ದು ಹ್ಞಾ ಎಂಬ ಒಂದೇ ಸದ್ದು. ನೆಟ್ಟಗೆ ಉಳಿದದ್ದು ಎಡಗೈಯ ತೋರುಬೆರಳು. ಅಲ್ಲಿಯ ಡಾಕ್ಟರಮ್ಮ ನನ್ನ ಮುಂದೆ ಒಂದು ಕಂಪ್ಯೂಟರ್ ಇಟ್ಟರು. ಬೆರಳಲ್ಲಿ ಅಕ್ಷರ ಒತ್ತಿದರೆ ಅದು ಗಟ್ಟಿಯಾಗಿ ಓದುತ್ತಿತ್ತು. ನಾನು ಮೊದಲು ಬೈದದ್ದು ಆಸ್ಪತ್ರೆಯ ಉಪ್ಪಿಟ್ಟನ್ನು. ವಾರ್ಡೆಲ್ಲ ನಕ್ಕಿತು. ಅವತ್ತು ನಾನು ಅತ್ತೆ. ಅಂಬುಜ ಅಳಲಿಲ್ಲ, ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು.

ಅಂಥದೇ ಒಂದು ಪೆಟ್ಟಿಗೆಯೊಂದಿಗೆ ಊರಿಗೆ ಹೊರಟೆವು. ಸೇತುವೆಯ ನಡುವೆ ಅದರ ದೀಪ ಆರಿತು. ಗೊತ್ತಿದ್ದದ್ದೇ, ಆದರೂ ಆಸೆ. ಮನೆಯಲ್ಲಿ ಅಂಬುಜ ಹಲಗೆಯೊಂದರ ಮೇಲೆ ಅಕ್ಷರಮಾಲೆ ಬರೆದುಕೊಟ್ಟಳು. ನಾನು ಬೆರಳಿಟ್ಟು ತೋರಿಸಬೇಕು, ಎದುರಿನವರು ಕೂಡಿಸಿ ಓದಬೇಕು. ಯಾರಿಗೂ ಕೊನೆಯವರೆಗೆ ತಾಳ್ಮೆಯಿರಲಿಲ್ಲ. "ನೀ" ಎಂದು ತೋರಿಸಿದರೆ ಸಾಕು, "ನೀರಾ? ನೀರು ಬೇಕಾ?" ಎಂದು ಲೋಟ ಹಿಡಿದು ಓಡಿ ಬರುತ್ತಿದ್ದರು. ನಾನು ಹೇಳಹೊರಟದ್ದು ನೀಚ ಎಂದು. ನೋಡಲು ಬಂದವರು ನನ್ನೆದುರಿಗೇ ಅಂಬುಜಳನ್ನು "ಇವ್ರು ಊಟ ಸರಿಯಾಗಿ ಮಾಡ್ತಾರಾ?" ಎಂದು ಕೇಳುತ್ತಿದ್ದರು. ಬದುಕಿರುವಾಗಲೇ ಫೋಟೋ ಆಗಿ ಗೋಡೆಗೆ ತೂಗಿದ್ದೆ.

"ನಡೀರಿ, ಆಚೆ ಹೋಗಿ ಇದ್ದುಬಿಡೋಣ" ಎಂದಳು ಅಂಬುಜ ಒಂದು ದಿನ. "ಅಲ್ಲಿ ನೀವು ಮಾತಾಡಬಹುದು."

ನಾನು ಹಲಗೆಯ ಮೇಲೆ ನಿಧಾನವಾಗಿ ತೋರಿಸಿದೆ: ಯಾರ ಹತ್ತಿರ?

ಅವಳು ಓದಿಕೊಂಡು ಅಡುಗೆಮನೆಗೆ ಹೋದಳು. ಇದೇ ನಮ್ಮ ಗೋಳು. ಬಾಯಿ ಇರುವ ಕಡೆ ನನ್ನ ಜನ ಇಲ್ಲ, ಜನ ಇರುವ ಕಡೆ ಬಾಯಿ ಇಲ್ಲ.

ಪಟ್ಟಣದ ಕಂಪ್ಯೂಟರ್ ಅಂಗಡಿಯವನು ಅವಳಿಗೆ ಹಳೆಯ ಪರಿಚಯ. ಅವನ ಮುಂದೆ ಇವಳು ನಮ್ಮ ಊರಿನ ಗೋಳು ಹೇಳಿಕೊಂಡಾಗ ಅವನು, "ಒಳಗು ತೋರಿಸೋದೇ ಬೇಕು ಅಂದ್ರೆ ಲಿನಕ್ಸ್ ಹಾಕ್ಕೊಳ್ಳಿ ಮೇಡಂ. ಬರೆದ ಸಾಲು ಸಾಲೂ ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು" ಎಂದನಂತೆ. ಅಂಬುಜ ಬಸ್ಸಿಳಿದು ಓಡಿಕೊಂಡೇ ಮನೆಗೆ ಬಂದಳು. ಕೈಯಲ್ಲೊಂದು ಡಿಸ್ಕು, ಅದರ ಮೇಲೆ ಹೊಟ್ಟೆ ಮುಂದಿಟ್ಟುಕೊಂಡು ಕೂತ ಒಂದು ಹಕ್ಕಿಯ ಚಿತ್ರ. ಅಂದಿನಿಂದ ಊರಿನಲ್ಲಿ ಅದರ ಹೆಸರು ಹಕ್ಕಿ ಎಂದೇ ಆಯಿತು.

ಹಿತ್ತಿಲಿನಿಂದ ಮೂರನೆಯ ಪೆಟ್ಟಿಗೆ ಒಳಗೆ ಬಂತು. ಡಿಸ್ಕು ಹಾಕಿ ಗುಂಡಿ ಒತ್ತಿದಳು. ಒಳಗಿನ ಫ್ಯಾನು ನರಳಿತು, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಮೇಲಿಂದ ಕೆಳಗೆ ಸುರಿಯತೊಡಗಿದವು. ಮುಚ್ಚಿ ಮೊಹರು ಹಾಕಿದ ಬುದ್ಧಿಗಳು ಶುರುವಾಗುವಾಗ ಒಂದು ಚಂದದ ಚಿತ್ರ ತೋರಿಸಿ ಕಾಯಿಸುತ್ತವೆ. ಇದು ತಾನು ಏನು ಮಾಡುತ್ತಿದ್ದೇನೆ ಎಂಬುದನ್ನೆಲ್ಲ ಹೇಳಿಕೊಂಡೇ ಮಾಡುತ್ತಿತ್ತು. "ನೋಡ್ರೀ, ಇದು ತಾನೇ ಒಪ್ಪಿಸ್ತಾ ಇದೆ!" ಎಂದು ಅಂಬುಜ ಕೂಗಿದಳು. ಕೊನೆಗೆ ಅದು ಪಾಸ್‌ವರ್ಡ್ ಕೇಳಿತು. ಅವಳು ಒತ್ತಿದಳು, ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಮತ್ತೆ ಒತ್ತಿದಳು, ಕೀಬೋರ್ಡನ್ನು ತಲೆಕೆಳಗು ಮಾಡಿ ಬಡಿದಳು, ಉಗುರಿನಿಂದ ಒಂದೊಂದು ಗುಂಡಿಯನ್ನೂ ಕಿತ್ತು ಒರೆಸಿದಳು. ಪಾಸ್‌ವರ್ಡನ್ನು ಅದು ಕತ್ತಲಲ್ಲೇ ಕೇಳಿಸಿಕೊಳ್ಳುತ್ತದೆ, ತೋರಿಸುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನಮ್ಮ ಕೀಬೋರ್ಡಿನಲ್ಲಿ ಗುಂಡಿಗಳು ಅದಲುಬದಲಾಗಿ ಕೂತಿದ್ದವು.

ಅದು ಒಳಗೆ ಬಿಟ್ಟುಕೊಂಡ ಮೇಲೂ ಸುಖವೇನಿರಲಿಲ್ಲ. ಅಂಬುಜ ಒಂದು ಮಾಡಹೋದರೆ ನಿನಗೆ ಅನುಮತಿಯಿಲ್ಲ ಎನ್ನುತ್ತಿತ್ತು. "ನನ್ನ ಮನೇಲಿ, ನನ್ನ ಪೆಟ್ಟಿಗೇಲಿ ನನಗೇ ಅನುಮತಿ ಇಲ್ವಂತೆ!" ಎಂದು ಅವಳು ಸೊಂಟಕ್ಕೆ ಕೈಯಿಟ್ಟು ಅದರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ನನ್ನ ಹೆಸರು ಬರೆದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಸದ್ದೇ ಇರಲಿಲ್ಲ. ಮಾತಾಡಿಸಲೆಂದು ತಂದ ಪೆಟ್ಟಿಗೆಯೂ ನನ್ನಂತೆಯೇ ಮೂಗ. ಆದರೆ ಅದು ಅಷ್ಟು ಹೊತ್ತೂ ಬೆಚ್ಚಗಿತ್ತು. ಅವಳು ಕಾಫಿ ಕಾಯಿಸಿ ತರುವವರೆಗೆ ಬೆಚ್ಚಗಿದ್ದು, ಆಮೇಲೆ ತಣ್ಣಗಾಯಿತು. ಊರಿನಲ್ಲಿ ಯಾವ ಕಂಪ್ಯೂಟರೂ ಅಷ್ಟು ಹೊತ್ತು ಬಾಳಿರಲಿಲ್ಲ.

ಅಲ್ಲಿಂದ ಶುರುವಾಯಿತು ಓದು. ಹಕ್ಕಿಯ ಒಳಗನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿ ತಂದಳು. ಅವನ್ನು ಇಡಲು ಅಟ್ಟ ಸಾಲದೆ ಮಂಚದ ಕೆಳಗೂ ತುರುಕಿದೆವು. ಅವಳು ಓದುತ್ತಲೇ ಬೇಳೆ ಆರಿಸುತ್ತಿದ್ದಳು, ಓದುತ್ತಲೇ ನನಗೆ ಸ್ನಾನ ಮಾಡಿಸುತ್ತಿದ್ದಳು, ನನ್ನ ಬೆನ್ನಿನ ಮೇಲೆ ಬೆರಳಿನಿಂದ ಬಾಣಗಳನ್ನು ಬರೆದು ಲೆಕ್ಕ ಹಾಕುತ್ತಿದ್ದಳು. ಪ್ರತಿದಿನ ಪೆಟ್ಟಿಗೆಯ ಮುಂದೆ ನಿಂತು ಕಲಿತಷ್ಟನ್ನು ಒಪ್ಪಿಸುವಳು. ಕಲಿತಷ್ಟು ಹೊತ್ತು ಅದು ಬೆಚ್ಚಗಿರುವುದು. ಆ ಬೆಚ್ಚಗಿರುವ ಹೊತ್ತು ದಿನದಿನಕ್ಕೆ ಹೆಚ್ಚುತ್ತಿದೆಯೆಂದು ನಾವು ಹಿಗ್ಗಿದೆವು. ಆಮೇಲೆ ಅದು ನಿಂತಿತು. ಆಮೇಲೆ ಕಡಿಮೆಯಾಗತೊಡಗಿತು. ಹೊಸದನ್ನು ಕಲಿಯುವಾಗ ಅವಳಿಗೆ ಹಳೆಯದು ಮರೆಯುತ್ತಿತ್ತು. ಅದೂ ಅಲ್ಲದೆ ಹಕ್ಕಿಯನ್ನು ಎಲ್ಲೆಲ್ಲಿಯವರೋ ದಿನಾ ತಿದ್ದುತ್ತಿದ್ದರು, ಅಂಗಡಿಯವನು ತಿದ್ದಿದ ಡಿಸ್ಕನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದ. ಇವಳು ಒಂದು ತುದಿ ಓದಿ ಮುಗಿಸುವುದರಲ್ಲಿ ಇನ್ನೊಂದು ತುದಿ ಬೆಳೆದಿರುತ್ತಿತ್ತು. ಅವಳ ಕಣ್ಣು ಗುಳಿಬಿತ್ತು, ಬಳೆ ಮೊಣಕೈಗೆ ಜಾರಿತು. ಊಟಕ್ಕೆ ಕರೆಯೋಣವೆಂದರೆ ನನ್ನ ಹ್ಞಾ ಎಂಬುದು ಅವಳಿಗೆ ಕೇಳಿಸುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಒಪ್ಪಿಸುತ್ತ ಒಪ್ಪಿಸುತ್ತ ನಿನ್ನೆ ಹೇಳಿದ್ದನ್ನೇ ಮರೆತು ನಿಂತಳು. ಪೆಟ್ಟಿಗೆ ತಣ್ಣಗಾಯಿತು. ನನಗೆ ತಡೆಯಲಾಗಲಿಲ್ಲ. ಹಲಗೆ ಎತ್ತಿ ಅವಳ ಮುಂದೆ ಕುಕ್ಕಿ, ಸಾಕು ಎಂದು ತೋರಿಸಿದೆ. ಸಾಕು, ಸಾಕು, ಸಾಕು ಎಂದು ಬೆರಳು ಕುಟ್ಟಿದೆ.

"ಸಾಕು ಅಂತ ಹೇಳೋದಕ್ಕಾದ್ರೂ ನಿಮಗೊಂದು ಬಾಯಿ ಬೇಡ್ವಾ?" ಎಂದು ಕಿರುಚಿ, ತನ್ನ ಮಾತಿಗೆ ತಾನೇ ಹೆದರಿ ಅವಳು ಅಳತೊಡಗಿದಳು.

ದಸ್ತಗೀರ್ ಸಾಬರು ಬಾಗಿಲಲ್ಲಿ ನಿಂತದ್ದು ಆ ಹೊತ್ತಿಗೆ. ಒಂದೇ ಕೈಯಲ್ಲಿ ಗುಂಡಿ ಹಾಕಲಾಗದ ನನಗಾಗಿ ಲಾಡಿಯ ಅಂಗಿ ಹೊಲಿದು ತಂದಿದ್ದರು. ಗಂಡ ಹೆಂಡತಿಯ ಜಗಳದ ನಡುವೆ ಹೋಗಲೂ ಆಗದೆ ನಿಲ್ಲಲೂ ಆಗದೆ, ಮಾತು ಬದಲಿಸಲೆಂದು ನೆಲದ ಮೇಲಿನ ಕಾಗದವೊಂದನ್ನು ಎತ್ತಿಕೊಂಡು, "ಇದೇನಮ್ಮಾ ಇಷ್ಟುದ್ದ?" ಎಂದರು.

"ಅದಾ? ಕಂಪ್ಯೂಟರಿಗೆ ಕೆಲ್ಸ ರಾಶಿ ಇರತ್ತೆ, ಕೈ ಒಂದೇ" ಎಂದಳು ಅಂಬುಜ ಸೆರಗಿನಿಂದ ಮೂಗೊರೆಸುತ್ತ. "ಯಾರ ಕೆಲ್ಸ ಎಷ್ಟು ಹೊತ್ತು ಮಾಡಿ ಪಕ್ಕಕ್ಕಿಡಬೇಕು, ಆಮೇಲೆ ಯಾರದ್ದು ಎತ್ಕೋಬೇಕು, ಅದನ್ನ ತೀರ್ಮಾನ ಮಾಡೋ ಭಾಗ."

"ಹಬ್ಬದ ಹಿಂದಿನ ವಾರ ನನ್ನ ಅಂಗಡಿ ಅನ್ನಿ. ಒಬ್ಬರ ತೋಳು, ಒಬ್ಬರ ಕಾಲರು ಮಾಡಿಟ್ಟು ಎಲ್ಲರನ್ನೂ ಸುಮ್ಮನಿರಿಸೋದು. ಇಷ್ಟೇನಾ? ಇದು ನಂಗೊತ್ತು ಬಿಡಿ."

"ಗೊತ್ತಿದ್ರೆ ನೀವೇ ಇಟ್ಕೊಳ್ಳಿ ಸಾಬ್ರೇ. ನಿಮಗೇ ಒಪ್ಪಿಸಿದ್ದೀನಿ" ಎಂದಳು ಅಂಬುಜ ಬೇಸರದಿಂದ.

ಎಂದವಳು ಮೂಗೊರೆಸುತ್ತಿದ್ದ ಕೈಯನ್ನು ಹಾಗೇ ಹಿಡಿದು ನಿಂತಳು. ಮಕ್ಕಳನ್ನು ಮೇಷ್ಟರಿಗೆ ಒಪ್ಪಿಸುತ್ತೇವೆ. ಊರಿಗೆ ಹೋಗುವಾಗ ಮನೆಯ ಬೀಗದ ಕೈಯನ್ನು ಪಕ್ಕದವರಿಗೆ ಒಪ್ಪಿಸುತ್ತೇವೆ. ಆದರೆ ಯಂತ್ರದ ಮಾತು ಬಂದಾಗ ಮಾತ್ರ ನಮ್ಮ ಊರಿನಲ್ಲಿ ಒಪ್ಪಿಸುವುದೆಂದರೆ ಒಬ್ಬರೇ ನಿಂತು ಮೊದಲಿನಿಂದ ಕೊನೆಯವರೆಗೆ ಉಸಿರು ಬಿಡದೆ ಹೇಳುವುದು. ತಾತಮುತ್ತಾತಂದಿರ ಕಾಲದಿಂದ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಹಗಲೆಲ್ಲ ಮಾತು ಮಾರಿ ಬದುಕಿದ ನನಗೂ ಹೊಳೆದಿರಲಿಲ್ಲ.

ಸಾಬರನ್ನು ಎಳೆದು ತಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಅವರು ಗಂಟಲು ಸರಿಮಾಡಿಕೊಂಡು ಹಬ್ಬ, ತೋಳು, ಕಾಲರು ಎಂದೆಲ್ಲ ಒಪ್ಪಿಸಿದರು. ಫ್ಯಾನು ಒಂದು ಸುತ್ತು ತಿರುಗಿ ನಿಂತೇಹೋಯಿತು. ಅದಕ್ಕೆ ಹೋಲಿಕೆ ಬೇಕಿರಲಿಲ್ಲ, ಸಾಲು ಬೇಕಿತ್ತು. ಸಾಬರಿಗೆ ಅವಮಾನವಾಯಿತು, ಹಾಗೇ ಹಟವೂ ಬಂತು. ಅಂಗಡಿ ಮುಚ್ಚಿದ ಮೇಲೆ ದಿನಾ ಬಂದು ಕೂತರು. ಅಂಬುಜ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವಳು, ಅವರು ಗಡ್ಡ ಕೆರೆಯುತ್ತ ತಪ್ಪು ತಪ್ಪೇ ಹೇಳುವರು, ಅವಳು ರೇಗುವಳು, ಅವರೂ ರೇಗುವರು. ಎಷ್ಟೋ ದಿನದ ಮೇಲೆ ಒಮ್ಮೆ ಅಂಬುಜ ತಾನು ಕಲಿತಷ್ಟರಲ್ಲಿ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಹೇಳಿದಳು, ಸಾಬರು ನಡುವೆ ತಮ್ಮ ಪಾಲನ್ನು ಹೇಳಿದರು. ಪೆಟ್ಟಿಗೆ ಬೆಚ್ಚಗೇ ಇತ್ತು. ಅವರಿಬ್ಬರೂ ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಕೈಯಿಟ್ಟು, ಜ್ವರ ನೋಡುವವರ ಹಾಗೆ, ಬೆಚ್ಚಗಿದೆ ಬೆಚ್ಚಗಿದೆ ಎನ್ನುತ್ತ ನಿಂತರು.

ಸುದ್ದಿ ಊರಿಗೆಲ್ಲ ಹಬ್ಬಿತು. ಪದ್ಮನಾಭಯ್ಯನವರು ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕೂತರು.

"ಒಂದು ಯಂತ್ರಕ್ಕೆ ಒಬ್ರು. ಅದು ಪದ್ಧತಿ. ನಾಳೆ ಕೆಟ್ರೆ ಯಾರನ್ನ ಕೇಳೋದು?"

"ಎಲ್ಲಾರನ್ನೂ ಕೇಳಿ" ಎಂದಳು ಅಂಬುಜ.

"ಎಲ್ಲಾರೂ ಅಂದ್ರೆ ಯಾರೂ ಅಲ್ಲ ಅಂತ."

"ಅಯ್ಯಾ, ಈ ಹಕ್ಕೀನ ಮಾಡಿದೋರೂ ಹಾಗೇ ಮಾಡಿರೋದು. ಅವರಲ್ಲಿ ಒಬ್ಬರಿಗೂ ಪೂರ್ತಿ ಗೊತ್ತಿಲ್ವಂತೆ. ಒಬ್ಬೊಬ್ರು ಒಂದೊಂದು ಮೂಲೆ ನೋಡ್ಕೋತಾರೆ."

"ಪೂರ್ತಿ ಗೊತ್ತಿಲ್ಲದೋರು ಮಾಡಿದ್ದನ್ನ ಪೂರ್ತಿ ಗೊತ್ತಿಲ್ಲದೋರು ನಡೆಸ್ತೀರಾ? ಚೆನ್ನಾಯ್ತು" ಎಂದು ಹೇಳಿ ಅವರು ಎದ್ದು ಹೋದರು. ಮರುವಾರ ಮತ್ತೆ ಬಂದರು. ಮುಖ ಬೇರೆ ಕಡೆ ತಿರುಗಿಸಿಕೊಂಡು, ಪೆಟ್ಟಿಗೆಯೊಳಗೆ ಹೊತ್ತು ಅಳೆಯುವ ಭಾಗ ಇರಲೇಬೇಕಲ್ಲ, ಅದು ಯಾರ ಪಾಲಿಗೆ ಹೋಗಿದೆ ಎಂದು ವಿಚಾರಿಸಿದರು. ಯಾರ ಪಾಲಿಗೂ ಹೋಗಿಲ್ಲ ಎಂದಾಗ ಕೋಲು ಮೂಲೆಗಿಟ್ಟು ಕೂತರು. ಯಾವುದನ್ನು ಎಲ್ಲಿಟ್ಟಿದ್ದೇನೆ ಎಂದು ನೆನಪಿಡುವ ಭಾಗವನ್ನು ಹೊನ್ನಮ್ಮ ಬೈದುಕೊಂಡೇ ಕಲಿತಳು. ಹೀಗೆ ಕೇರಿ ಕೇರಿಗೂ ಹಕ್ಕಿಯ ಒಂದೊಂದು ಗರಿ ಹಂಚಿಹೋಯಿತು. ನೀರಿನ ನಲ್ಲಿಯ ಮುಂದೆ ಹೆಂಗಸರು ಕೊಡ ಇಟ್ಟುಕೊಂಡು ಕೀಬೋರ್ಡಿನ ಪಾಠ ಒಪ್ಪಿಸಿಕೊಳ್ಳುವುದು, ಕ್ಷೌರದಂಗಡಿಯಲ್ಲಿ ಪರದೆಯ ಬಣ್ಣಗಳ ಬಗ್ಗೆ ವಾದ ನಡೆಯುವುದು ಮಾಮೂಲಾಯಿತು. ಎಲ್ಲವನ್ನೂ ಒಂದಕ್ಕೊಂದು ಹೊಲಿಯುವ ಭಾಗ ಮಾತ್ರ ಯಾರ ತಲೆಗೂ ಹತ್ತಲಿಲ್ಲ. ಅದು ಅಂಬುಜಳಲ್ಲೇ ಉಳಿಯಿತು. ಸದ್ದಿನ ಭಾಗವನ್ನು ನಾನೇ ಕಲಿತೆ. ಹಲಗೆಯ ಮೇಲೆ ಬೆರಳಿಟ್ಟು ಒಪ್ಪಿಸಿದೆ.

ಮೊದಲ ಸಲ ಸ್ಪೀಕರ್ ಕರ್ ಎಂದ ದಿನ ಅರ್ಧ ಊರು ನಮ್ಮ ಮನೆಯಲ್ಲಿತ್ತು. ಎಲ್ಲರೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಗತ್ತಿನಿಂದ, ಏನ್ ಸಮಾಚಾರ ಹೇಳ್ರಪ್ಪಾ ಎಂದು ಒತ್ತಿದೆ. ಹೊರದೇಶದ ಯಾರೋ ಪುಣ್ಯಾತ್ಮರು ಮಾಡಿದ ದನಿ ಅದು, ಅದಕ್ಕೆ ಳ ಹೊರಳುತ್ತಿರಲಿಲ್ಲ. 'ಏನ್ ಸಮಾಚಾರ ಹೇಲ್ರಪ್ಪಾ' ಎಂದುಬಿಟ್ಟಿತು. ಹೊನ್ನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹೊರಗೋಡಿದಳು, ಪದ್ಮನಾಭಯ್ಯನವರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಎಷ್ಟೋ ತಿಂಗಳ ಮೇಲೆ ಜನ ನನ್ನ ಮಾತಿಗೆ ನಕ್ಕಿದ್ದರು. ತಪ್ಪು ಮಾತಾದರೇನು, ನನ್ನದೇ ಮಾತು.

ಆಮೇಲಿನ ಬದುಕಿಗೆ ಊರೇ ಹೊಂದಿಕೊಂಡಿತು. ಹಕ್ಕಿಯ ಪಾಲು ಹೊತ್ತ ಯಾರೇ ಸೇತುವೆ ದಾಟಿದರೂ ನನ್ನ ಮಾತು ನಿಲ್ಲುತ್ತಿತ್ತು. "ರಾಚಪ್ಪಣ್ಣಾ, ನಾಳೆ ನಾದಿನಿ ಮದುವೆಗೆ ಹೋಗ್ತೀನಿ. ಯಾರಿಗಾದ್ರೂ ಬೈಯೋದಿದ್ರೆ ಇವತ್ತೇ ಮುಗಿಸಿಬಿಡು" ಎಂದು ಬಂದು ಹೇಳಿ ಹೋಗುತ್ತಿದ್ದರು. ಅಂಬುಜ ಮಾತ್ರ ಅಂದಿನಿಂದ ಸೇತುವೆ ದಾಟಲಿಲ್ಲ. ಪಟ್ಟಣದ ಕೆಲಸವನ್ನೆಲ್ಲ ಬಸ್ಸಿನ ಕಂಡಕ್ಟರ್ ಕೈಲಿ ಮಾಡಿಸುತ್ತಿದ್ದಳು. ಹೇಲ್ರಪ್ಪಾ ಆದಾಗಿನಿಂದ ಅವಳಿಗೆ ಳ ತಿದ್ದುವ ಹಟ ಹಿಡಿದಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡು ಬಾಳೆ, ಕೊಳೆ, ಮಳೆ ಎಂದು ಒತ್ತಿಸುತ್ತ ತಿದ್ದಿ ತಿದ್ದಿ ಒಂದು ದಿನ ಪೆಟ್ಟಿಗೆಯ ನಾಲಿಗೆ ಹೊರಳಿಸಿದಳು. ತಿದ್ದಿದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಂಡಕ್ಟರ್ ಕೈಲಿ ಅಂಗಡಿಯವನಿಗೆ ಕಳಿಸಿದಳು, ಅವನು ಹಕ್ಕಿಯನ್ನು ಮಾಡುವವರಿಗೆ ಕಳಿಸಿದ.

ಅವರ ಉತ್ತರ ನನಗೆ ತಿಳಿದದ್ದು ಕಂಡಕ್ಟರ್ ಬಾಯಿಂದ. "ನಿಮ್ಮ ಮನೆಯೋರ ಳ ಈಗ ಪ್ರಪಂಚಕ್ಕೆಲ್ಲ ಹೋಗಿದ್ಯಂತಲ್ಲ! ಅಲ್ಲೆಲ್ಲೋ ಎಲ್ಲಾರೂ ಸೇರ್ತಾರಂತೆ, ಇವರು ಬರಲೇಬೇಕು ಅಂತ ಕರೆದಿದ್ದಾರಂತೆ. ಇವರು ಬರಲ್ಲ ಅಂದ್ರಂತೆ?" ಅಂಬುಜ ನನಗೆ ಒಂದು ಮಾತೂ ಹೇಳಿರಲಿಲ್ಲ. ಕೇಳಿದಾಗ, "ಯಾರದೋ ಊರು, ಯಾರೋ ಜನ. ನಾನ್ಯಾಕೆ ಹೋಗ್ಲಿ?" ಎಂದು ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಮತ್ತೆ ಅದೇ ಒಲೆಗೆ ಇಟ್ಟಳು. ಆ ದಿನಗಳಲ್ಲಿ ಅವಳು ಬಸ್ಸಿನ ಸದ್ದಿಗೆ ಕಿಟಕಿಗೆ ಬರುವುದನ್ನೂ ಬಿಟ್ಟಿದ್ದಳು. ಬರುತ್ತಿದ್ದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಚುಚ್ಚಿತು.

ನಾನು ಸುಮ್ಮನಿದ್ದರೆ ಸಾಕಿತ್ತು. ಅವಳು ಬರಲ್ಲ ಅಂದಾಗಿತ್ತು, ನನ್ನ ಮಾತು ನನಗೆ ಉಳಿದಿತ್ತು. ಹೋದವರು ಯಾರು ವಾಪಸ್ ಬಂದಿದ್ದಾರೆ? ಅವಳ ತಮ್ಮ ಬಂದನೇ? ಅಲ್ಲಿ ಅವಳಂಥವರೇ ತುಂಬಿರುತ್ತಾರೆ, ಅವಳ ಮಾತು ಅರ್ಧದಲ್ಲೇ ತಿಳಿಯುವವರು. ಇಲ್ಲಿ ನಾನು, ಒಂದು ಬೆರಳಿನವನು. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಕೂರಬೇಕು ಅನ್ನಿಸುತ್ತಿತ್ತು. ಕೀಬೋರ್ಡಿನ ಮುಂದೆ ಕೂತು ಮಾತು ಒತ್ತುವುದು, ಅಳಿಸುವುದು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡಲಾರೆ. ಕೊನೆಗೊಂದು ದಿನ ಅವಳು ಹೂ ಕಟ್ಟುತ್ತಿದ್ದಾಗ ಒತ್ತಿಯೇಬಿಟ್ಟೆ. 'ಅಂಬುಜಾ, ನೀನು ಹೋಗಬೇಕು' ಎಂದಿತು ಪೆಟ್ಟಿಗೆ, ಅವಳೇ ತಿದ್ದಿದ ನಾಲಿಗೆಯಲ್ಲಿ.

"ನಿಮ್ಮ ಮಾತು?"

'ಮಾತಾಡಿದ್ದು ಸಾಕು. ಸ್ವಲ್ಪ ದಿನ ಊರಿಗೂ ಕಿವಿ ತಣ್ಣಗಾಗಲಿ.'

"ವಾಪಸ್ ಬರದೇ ಹೋದ್ರೆ?" ಎಂದಳು ನಗುತ್ತ. ನಗು ಅರ್ಧಕ್ಕೇ ನಿಂತಿತು. ನಾನು ಉದುರಿದ ಹೂಗಳನ್ನು ಬೆರಳಿನಿಂದ ಅವಳ ಕಡೆ ತಳ್ಳಿದೆ. ಅವಳು ಅವನ್ನೂ ದಾರಕ್ಕೆ ಸೇರಿಸಿ ಕಟ್ಟಿದಳು.

ಹೊರಡುವ ದಿನ ಸೇತುವೆಯ ಬುಡದ ಚಹಾದಂಗಡಿಗೆ ಪೆಟ್ಟಿಗೆಯನ್ನು ಕೈಗಾಡಿಯಲ್ಲಿಟ್ಟು ತಂದರು. ಬೀಳ್ಕೊಡುವುದಕ್ಕೆ ರಾಚಪ್ಪನ ಬಾಯಿ ಇಲ್ಲದಿದ್ದರೆ ಹೇಗೆ ಎಂದು ದಸ್ತಗೀರ್ ಸಾಬರ ವಾದ. ಅಂಗಡಿಯಿಂದ ಕರೆಂಟು ಎಳೆದರು. ಹಕ್ಕಿಯ ಪಾಲು ಹೊತ್ತವರೆಲ್ಲ ಸುತ್ತ ನಿಂತಿದ್ದರು. ಅಂಬುಜ ಹಸಿರು ಸೀರೆಯುಟ್ಟಿದ್ದಳು, ನನ್ನ ಅಂಗಿಯ ಲಾಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು, ಮಾತ್ರೆ ಎಲ್ಲಿದೆ ಎಂದು ಹೊನ್ನಮ್ಮನಿಗೆ ಹೇಳಿದ್ದನ್ನೇ ಹೇಳಿದಳು. ನಾನು ಒಂದು ದೊಡ್ಡ ಭಾಷಣ ಒತ್ತುತ್ತಿದ್ದೆ. ಅರ್ಧವಾದ ಮೇಲೆ ಓದಿಕೊಂಡೆ, ಎಲ್ಲ ಹರಾಜಿನ ಮಾತಿನಂತೆ ಕಂಡಿತು, ಅಳಿಸಿಹಾಕಿದೆ. "ಬೇಗ ರಾಚಪ್ಪಾ, ಬಸ್ಸು ಹೊರಡ್ತಾ ಇದೆ" ಎಂದು ಹಿಂದಿನಿಂದ ಯಾರೋ ತಿವಿದರು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಗೊರ ಗೊರ ಎನ್ನುತ್ತ ಸೇತುವೆ ಹತ್ತಿತು. ಅವಳು ಕತ್ತು ಹೊರಗೆ ಹಾಕಿ ಕಾಯುತ್ತಲೇ ಇದ್ದಳು. ನನ್ನ ಬೆರಳು ಒಂದು ಅಕ್ಷರ ಒತ್ತಲು ಹೋಗಿ ಇನ್ನೊಂದು ಒತ್ತುತ್ತಿತ್ತು. ಅಂತೂ ಎರಡು ಪದ ಒತ್ತಿ ಮುಗಿಸಿದೆ.

'ಹೋಗಿ' ಎಂದಿತು ಪೆಟ್ಟಿಗೆ, ಗಟ್ಟಿಯಾಗಿ, ಸ್ಪಷ್ಟವಾಗಿ.

ಬಸ್ಸು ನಡುಸೇತುವೆ ದಾಟಿತು. ಪರದೆ ಕಪ್ಪಾಯಿತು.

ನಮ್ಮಲ್ಲಿ ಹೊರಟವರಿಗೆ ಯಾರೂ ಬರಿದೇ ಹೋಗು ಎನ್ನುವುದಿಲ್ಲ. ಸಾಲಗಾರನಿಗೂ ಹೋಗಿ ಬಾ ಎನ್ನುತ್ತೇವೆ. ಬರಿದೇ ಹೋಗಿ ಎನ್ನುವುದು ಬಾಗಿಲಿಗೆ ಬಂದ, ನಮಗೆ ಬೇಡವಾದ ಅಪರಿಚಿತರಿಗೆ. ಸೇತುವೆಯ ಮೇಲೆ ಅವಳ ಮುಖ ಇತ್ತ ತಿರುಗಿಕೊಂಡೇ ಚಿಕ್ಕದಾಗುತ್ತಿತ್ತು. ನಾನು ಗುಂಡಿ ಕುಟ್ಟಿದೆ, ಪೆಟ್ಟಿಗೆಯನ್ನು ಬಡಿದೆ. ಅದು ಕಲ್ಲಿನಷ್ಟು ತಣ್ಣಗಿತ್ತು.

"ಬಾ!" ಎಂದು ಪಕ್ಕದಲ್ಲಿ ಒಂದು ಕೂಗು ಕೇಳಿಸಿತು. ದಸ್ತಗೀರ್ ಸಾಬರು ಎರಡೂ ಕೈ ಬಾಯಿಗೆ ಹಿಡಿದುಕೊಂಡು ನೀರಿನ ಅಂಚಿಗೆ ಓಡಿದ್ದರು. "ಬಾ ಅಂತ ಕಣಮ್ಮಾ! ಹೋಗಿ ಬಾ ಅಂತ!" ಅವರ ಹಿಂದೆ ಹೊನ್ನಮ್ಮ ಓಡಿದಳು. "ಬಾರೇ ಅಂಬುಜಾ, ಬಾ!" ಕೀಬೋರ್ಡಿನ ಹೆಂಗಸರು, ಕ್ಷೌರದಂಗಡಿಯವರು, ಚಹಾ ಕುಡಿಯುತ್ತಿದ್ದವರು ಎಲ್ಲರೂ ದಂಡೆಗೆ ನುಗ್ಗಿ ಒಬ್ಬರ ಮೇಲೊಬ್ಬರು ಬಾ, ಬಾ, ಬಾ ಎಂದು ಕೂಗಿದರು. ಪದ್ಮನಾಭಯ್ಯನವರು ಕೋಲನ್ನು ಮೇಲೆತ್ತಿ ಬೀಸುತ್ತ ತಮ್ಮ ಸೀಳು ದನಿಯಲ್ಲಿ ಎಲ್ಲರಿಗಿಂತ ತಡವಾಗಿ ಕೂಗಿದರು. ಆಚೆ ಕಿಟಕಿಯಿಂದ ಒಂದು ಹಸಿರು ಸೆರಗು ಹೊರಬಂದು ಗಾಳಿಯಲ್ಲಿ ಆಡಿತು. ನಾನೂ ಬಾಯಿ ತೆರೆದು ಮೈಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಆ ಗದ್ದಲದಲ್ಲಿ ನನ್ನಿಂದ ಏನು ಹೊರಟಿತೋ ನನಗೇ ಕೇಳಿಸಲಿಲ್ಲ.